ಡಬಲ್ಸ್ ಆಡಿಯೇ ಬದುಕು ಕಟ್ಟಿಕೊಳ್ಳಬೇಕು ಅನ್ನುವವರಿಗೆ

"ಸರ್, ಸಿಂಗಲ್ಸ್‌ನಲ್ಲಿ ಆಗ್ಲಿಲ್ಲ ಅಂದ್ರೆ ಡಬಲ್ಸ್‌ಗೆ ಹಾಕಬಹುದಲ್ವಾ?" ಮಕ್ಕಳನ್ನು ಬ್ಯಾಡ್ಮಿಂಟನ್ ಕೋಚಿಂಗಿಗೆ ಕರೆತರುವ ಅಪ್ಪ ಅಮ್ಮಂದಿರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಹುಡುಗ ಪಕ್ಕದಲ್ಲೇ ನಿಂತು ಬ್ಯಾಟಿಗೆ ಗ್ರಿಪ್ ಸುತ್ತುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿರುತ್ತಾನೆ. ಡಬಲ್ಸ್ ಅಂದರೆ ಸೋತವರು ಹೋಗುವ ಜಾಗ ಅಂತ ಅವನ ತಲೆಯಲ್ಲಿ ಅವತ್ತೇ ಕೂತುಬಿಡುತ್ತದೆ. ಅದನ್ನು ತೆಗೆಸಲು ನನಗೆ ಆರು ತಿಂಗಳು ಬೇಕಾಗುತ್ತದೆ. ನಾನು ರಾಜ್ಯ ಮಟ್ಟದಲ್ಲಿ ಏಳೆಂಟು ವರ್ಷ ಡಬಲ್ಸ್ ಆಡಿದವನು, ಈಗ ಮಕ್ಕಳಿಗೆ ಹೇಳಿಕೊಡುತ್ತೇನೆ. ಡಬಲ್ಸ್ ಬೇರೆಯೇ ಕಸುಬು. ಕಲಿಯುವ ರೀತಿ ಬೇರೆ, ದುಡ್ಡಿನ ಲೆಕ್ಕ ಬೇರೆ, ಅದರಲ್ಲಿ ಆಗುವ ನೋವೂ ಬೇರೆ. ಇದನ್ನು ಮೊದಲ ದಿನವೇ ಕಸುಬು ಅಂತ ಒಪ್ಪಿಕೊಂಡು ಬಂದವರಿಗಾಗಿ ಈ ಬರಹ.

ನಮ್ಮವರಿಂದಲೇ ಶುರು ಮಾಡೋಣ. ಅಶ್ವಿನಿ ಪೊನ್ನಪ್ಪ ಬೆಂಗಳೂರಿನಲ್ಲಿ ಹುಟ್ಟಿದ ಕೊಡವರ ಹುಡುಗಿ. 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಜ್ವಾಲಾ ಗುಟ್ಟಾ ಜೊತೆ ಚಿನ್ನ ಗೆದ್ದರು. ಮರುವರ್ಷ ಲಂಡನ್ನಿನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು. ಭಾರತದ ಮಹಿಳಾ ಡಬಲ್ಸ್ ಜೋಡಿಯೊಂದು ಅಲ್ಲಿ ಪದಕ ಗೆದ್ದದ್ದು ಅದೇ ಮೊದಲು. ಆಗ ಅಶ್ವಿನಿಗೆ 21 ವರ್ಷ. ಅದೇ ಅಶ್ವಿನಿ 2024ರಲ್ಲಿ, 34ನೇ ವಯಸ್ಸಿನಲ್ಲಿ, ತನಿಷಾ ಕ್ರಾಸ್ಟೊ ಜೊತೆ ಪ್ಯಾರಿಸ್‌ನಲ್ಲಿ ತಮ್ಮ ಮೂರನೇ ಒಲಿಂಪಿಕ್ಸ್ ಆಡಿದರು. ಇಂಡೊನೇಷ್ಯಾದ ಹೆಂಡ್ರಾ ಸೆಟಿಯವಾನ್ 2007ರಲ್ಲಿ ಮಾರ್ಕಿಸ್ ಕಿಡೊ ಜೊತೆ ವಿಶ್ವ ಚಾಂಪಿಯನ್ ಆದರು, 2019ರಲ್ಲಿ ಮೊಹಮ್ಮದ್ ಅಹ್ಸಾನ್ ಜೊತೆ ಮತ್ತೆ ಆದರು, ಆಟ ಬಿಟ್ಟಿದ್ದು 2025ರಲ್ಲಿ, 40 ತುಂಬಿದ ಮೇಲೆ. ಅರ್ಧ ಕೋರ್ಟನ್ನು ಇನ್ನೊಬ್ಬರು ನೋಡಿಕೊಳ್ಳುವುದರಿಂದ, ಕಾಲು ಸ್ವಲ್ಪ ನಿಧಾನವಾದರೂ ಕಣ್ಣು ಮತ್ತು ಕೈ ಚುರುಕಾಗಿದ್ದರೆ ಡಬಲ್ಸ್ ಆಟಗಾರ ಇನ್ನೂ ಕೆಲವು ವರ್ಷ ಉಳಿಯುತ್ತಾನೆ. ಮನೆಯಲ್ಲಿ ಕೂತು ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ.

ಯಾವಾಗ ಆರಿಸಿಕೊಳ್ಳಬೇಕು

13-14 ವರ್ಷದವರೆಗೆ ಎರಡನ್ನೂ ಆಡಿಸಿ. ಸಿಂಗಲ್ಸ್ ಆಡದೆ ಫುಟ್‌ವರ್ಕ್ ಬರುವುದಿಲ್ಲ, ಉಸಿರು ಬೆಳೆಯುವುದಿಲ್ಲ. 15-16ರ ಹೊತ್ತಿಗೆ ತೀರ್ಮಾನ ಮಾಡಿ. ಅದಕ್ಕಿಂತ ತಡ ಮಾಡಿದರೆ ಡಬಲ್ಸ್‌ನ ಕೈ ಕೂರಲು ಸಮಯ ಸಾಲುವುದಿಲ್ಲ.

ಯಾರಿಗೆ ಒಗ್ಗುತ್ತದೆ? ನಾನು ನೋಡುವುದು ಎರಡೇ. ಒಂದು, ಫ್ಲ್ಯಾಟ್ ಆಗಿ ವೇಗವಾಗಿ ಬರುವ ಶಟಲ್‌ಗೆ ಮಗು ಹಿಂದೆ ಸರಿಯುತ್ತದೋ ಮುಂದೆ ಬರುತ್ತದೋ ಅಂತ. ಮುಂದೆ ಬರುವ ಮಗು ಡಬಲ್ಸ್‌ನ ಮಗು. ಇನ್ನೊಂದು, ಜೊತೆಯವನು ತಪ್ಪು ಹೊಡೆದಾಗ ಈ ಮಗುವಿನ ಮುಖ ಏನಾಗುತ್ತದೆ ಅಂತ. ಅಲ್ಲೇ ಮುಖ ಸಿಂಡರಿಸಿದರೆ ಅದಕ್ಕೆ ಬೇರೆ ಕೆಲಸ ಬೇಕು, ಆ ಕೆಲಸ ಬ್ಯಾಟ್ ಹಿಡಿಸುವುದಕ್ಕಿಂತ ಕಷ್ಟ. ಎತ್ತರದ ಬಗ್ಗೆ ಸುಮ್ನೆ ಚಿಂತೆ ಬೇಡ. ಇಂಡೊನೇಷ್ಯಾದ ಕೆವಿನ್ ಸಂಜಯ, ಮಾರ್ಕಸ್ ಗಿಡಿಯನ್ ಜೋಡಿಯನ್ನು 'ಮಿನಿಯನ್ಸ್' ಅಂತ ಕರೆಯುತ್ತಿದ್ದದ್ದೇ ಅವರು ಗಿಡ್ಡ ಅಂತ. ಅವರು ವರ್ಷಗಟ್ಟಲೆ ವಿಶ್ವದ ನಂಬರ್ ಒನ್ ಆಗಿದ್ದರು.

ಸರ್ವ್, ಸರ್ವ್, ಮತ್ತೆ ಸರ್ವ್

ಡಬಲ್ಸ್ ಕೋರ್ಟು 6.1 ಮೀಟರ್ ಅಗಲ, ಸಿಂಗಲ್ಸ್‌ನದು 5.18. ಆದರೆ ಸರ್ವ್ ಬೀಳಬೇಕಾದ ಜಾಗ ಡಬಲ್ಸ್‌ನಲ್ಲಿ ಉದ್ದಕ್ಕೆ ಚಿಕ್ಕದು. ಹಿಂದಿನ ಗೆರೆಯಿಂದ 76 ಸೆಂಟಿಮೀಟರ್ ಒಳಗೇ ಅದು ಮುಗಿದುಹೋಗುತ್ತದೆ. ಹಾಗಾಗಿ ಸಿಂಗಲ್ಸ್‌ನ ಹಾಗೆ ಎತ್ತರಕ್ಕೆ ಸರ್ವ್ ಮಾಡಿದರೆ ಎದುರಿನವನು ಎರಡು ಹೆಜ್ಜೆ ಹಿಂದೆ ಹೋಗಿ ನಿಮ್ಮ ಎದೆಗೇ ಸ್ಮ್ಯಾಶ್ ಇಳಿಸುತ್ತಾನೆ. ನೆಟ್ಟಿನ ಪಟ್ಟಿ ಸವರಿಕೊಂಡು ಹೋಗುವ ಚಿಕ್ಕ ಸರ್ವ್ ಒಂದೇ ದಾರಿ. ಅದೂ 2018ರಿಂದ ಶಟಲ್‌ಗೆ ಬ್ಯಾಟ್ ತಗಲುವಾಗ ಇಡೀ ಶಟಲ್ ನೆಲದಿಂದ 1.15 ಮೀಟರ್‌ಗಿಂತ ಕೆಳಗೆ ಇರಬೇಕು ಅನ್ನುವ ನಿಯಮ ಬಂದಿದೆ. ಎತ್ತರದ ಹುಡುಗರಿಗೆ ಇದು ಹೊಟ್ಟೆಯ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ ಬರುತ್ತದೆ. ಅಭ್ಯಾಸ ಇಲ್ಲದಿದ್ದರೆ ಫಾಲ್ಟ್ ಗ್ಯಾರಂಟಿ.

ನಾನು ಮಾಡಿಸುವುದು ಹೀಗೆ. ನೆಟ್ಟಿನ ಎರಡೂ ಕಂಬಕ್ಕೆ ಒಂದೊಂದು ಕೋಲು ಕಟ್ಟಿ, ಪಟ್ಟಿಯಿಂದ ಒಂದು ಗೇಣು ಮೇಲೆ ನೈಲಾನ್ ದಾರ ಎಳೆಯುತ್ತೇನೆ. ಸರ್ವ್ ಮಾಡಿದ ಶಟಲ್ ಪಟ್ಟಿಗೂ ದಾರಕ್ಕೂ ನಡುವೆ ಹಾದು ಹೋಗಬೇಕು. ಎಡಗೈ ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಗರಿಯ ತುದಿ ಹಿಡಿಯಿರಿ, ಕಾರ್ಕ್ ಕೆಳಗಿರಲಿ. ಬ್ಯಾಟ್ ಹಿಡಿದ ಕೈಯ ಹೆಬ್ಬೆರಳು ಹಿಡಿಯ ಅಗಲ ಭಾಗದ ಮೇಲೆ ಕೂತಿರಲಿ. ಹೊಡೆಯಬೇಡಿ, ಹೆಬ್ಬೆರಳಿನಿಂದ ತಳ್ಳಿ. ತೋಳು ಅಲ್ಲಾಡಿದರೆ ಶಟಲ್ ದಾರದ ಮೇಲೆ ಹೋಗುತ್ತದೆ. ದಿನಕ್ಕೆ 200. ಮೊದಲ 150 ಅನ್ನು ಪ್ರಾಕ್ಟೀಸಿನ ಶುರುವಿನಲ್ಲಿ ಮಾಡಿ, ಉಳಿದ 50 ಅನ್ನು ಎಲ್ಲ ಮುಗಿದು ಕಾಲು ನಡುಗುತ್ತಿರುವಾಗ ಮಾಡಿ. ಯಾಕೆಂದರೆ ಗೇಮ್ ಕೊನೆಗೆ ಬಂದು 19-19 ಆದಾಗ ಸರ್ವ್ ಬರುವುದು ಸುಸ್ತಾದ ಕೈಗೇ. ಈ ಕೊನೆಯ 50ಕ್ಕೆ ಹಳೆಯ ಮುರುಕಲು ಶಟಲ್ ಕೊಡಬೇಡಿ, ಗರಿ ಮುರಿದದ್ದು ಅಡ್ಡಾದಿಡ್ಡಿ ಹಾರಿ ಕೈಯನ್ನೇ ಕೆಡಿಸುತ್ತದೆ. ಅದೇ ಕೈ ಚಲನೆಯಲ್ಲಿ ಆಗಾಗ ಒಂದು ಫ್ಲಿಕ್ (ಕೊನೇ ಕ್ಷಣದಲ್ಲಿ ಚಟ್ಟನೆ ಹಿಂದಕ್ಕೆ ಎತ್ತುವ ಸರ್ವ್) ಸೇರಿಸಿ, ಮುಂದಕ್ಕೆ ವಾಲಿ ನಿಂತವನು ಹಿಂದಕ್ಕೆ ಓಡುವ ಹಾಗೆ.

ಸರ್ವ್ ಆದಮೇಲಿನ ಎರಡು ಹೊಡೆತದಲ್ಲೇ ಅರ್ಧಕ್ಕರ್ಧ ಪಾಯಿಂಟುಗಳು ತೀರ್ಮಾನವಾಗುತ್ತವೆ. ರಿಸೀವ್ ಮಾಡುವವನು ಎಲ್ಲಿಗೆ ತಳ್ಳುತ್ತಾನೆ, ಅದಕ್ಕೆ ನೀವು ಏನು ಕೊಡುತ್ತೀರಿ, ಅಷ್ಟೇ. ಆದ್ದರಿಂದ ರ್‍ಯಾಲಿ ಆಡಿಸುವ ಬದಲು ಸರ್ವ್, ರಿಸೀವ್, ಮೂರನೇ ಹೊಡೆತ, ನಿಲ್ಲಿ, ಮತ್ತೆ ಶುರು ಅಂತ ವಾರದಲ್ಲಿ ಎರಡು ದಿನ ಆಡಿ. ಬೇಜಾರಿನ ಪ್ರಾಕ್ಟೀಸು, ನಿಜ. ಆದರೂ ಬಿಡಬೇಡಿ.

ನಡುವಿಗೆ ಬಂದ ಶಟಲ್ ಯಾರದ್ದು

ಎಲ್ಲರಿಗೂ ಗೊತ್ತಿರುವ ಪಾಠ: ನಾವು ಕೆಳಗೆ ಹೊಡೆಯುತ್ತಿದ್ದರೆ ಒಬ್ಬ ಹಿಂದೆ ಒಬ್ಬ ಮುಂದೆ, ಶಟಲ್ ಎತ್ತಿಬಿಟ್ಟರೆ ಇಬ್ಬರೂ ಅಕ್ಕಪಕ್ಕ. ಇದನ್ನು ಒಂದು ವಾರದಲ್ಲಿ ಕಲಿಯಬಹುದು. ಕಲಿಯಲು ವರ್ಷ ಹಿಡಿಯುವುದು ನಡುವಿನ ಶಟಲ್. ಎದುರಿನವನು ಒಂದು ಮೂಲೆಯಿಂದ ಸ್ಮ್ಯಾಶ್ ಮಾಡುವಾಗ ಅವನಿಗೆ ನೇರವಾಗಿ ನಿಂತವನು ಪಕ್ಕದ ಗೆರೆ ಕಾಯಬೇಕು, ಓರೆಗೆ ನಿಂತವನು ನಡುವನ್ನು ಕಾಯಬೇಕು. ನಮ್ಮ ಕಡೆ ಹುಡುಗರು ಇದನ್ನು ಉಲ್ಟಾ ಮಾಡುತ್ತಾರೆ. ಇಬ್ಬರೂ ತಮ್ಮ ತಮ್ಮ ಗೆರೆ ಕಾಯುತ್ತಾರೆ, ಶಟಲ್ ಇಬ್ಬರ ಮಧ್ಯೆ ನೆಲಕ್ಕೆ ಬೀಳುತ್ತದೆ, ಆಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಬಾಯಿ ಬಿಡಿ. "ನಂದು" ಅಂತ ಜೋರಾಗಿ ಕೂಗಿ. ಔಟ್ ಹೋಗುವುದು ಕಂಡರೆ "ಬಿಡು" ಅನ್ನಿ. ಯಾವ ಪದ ಅನ್ನುವುದು ಮೊದಲೇ ಮಾತಾಡಿಕೊಂಡಿರಲಿ. ಇಬ್ಬರ ಮನೆ ಭಾಷೆ ಬೇರೆಯಾದರೆ ಚಿಕ್ಕ ಪದ ಆರಿಸಿಕೊಳ್ಳಿ, ಒತ್ತಡದಲ್ಲಿ ಬಾಯಿಗೆ ಬರುವುದು ಮನೆ ಮಾತೇ. ಇನ್ನೊಂದು ಮಾತು. ಎಡಗೈ ಆಟಗಾರ ಸಿಕ್ಕರೆ ಅದೃಷ್ಟ ಅಂದುಕೊಳ್ಳಿ. ಜ್ವಾಲಾ ಎಡಗೈ, ಅಶ್ವಿನಿ ಬಲಗೈ. ಅಂಥ ಜೋಡಿ ಇಬ್ಬರ ಫೋರ್‌ಹ್ಯಾಂಡೂ ನಡುವಿಗೆ ಬರುವ ಹಾಗೆ ನಿಲ್ಲಬಹುದು.

ಜೋಡಿ ಹುಡುಕುವುದು, ಉಳಿಸಿಕೊಳ್ಳುವುದು

ಇದೇ ಈ ಕಸುಬಿನ ಹೃದಯ. ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಆಂಧ್ರದ ಅಮಲಾಪುರದವರು, ಚಿರಾಗ್ ಶೆಟ್ಟಿ ಮುಂಬೈನಲ್ಲಿ ಬೆಳೆದ ತುಳು ಮನೆಯ ಹುಡುಗ. ಇಬ್ಬರೂ ಎತ್ತರ, ಇಬ್ಬರೂ ಹಿಂದೆ ನಿಂತು ಸ್ಮ್ಯಾಶ್ ಹೊಡೆಯುವವರು. ಮಲೇಷ್ಯಾದ ಕೋಚ್ ಟಾನ್ ಕಿಮ್ ಹರ್ ಇವರನ್ನು ಜೋಡಿ ಮಾಡಿದಾಗ ಇಬ್ಬರಿಗೂ ಅದು ಒಪ್ಪಿಗೆ ಇರಲಿಲ್ಲ. ಹಿಂದೆ ಹೊಡೆಯುವವರು ಇಬ್ಬರಾದರೆ ನೆಟ್ಟಿನ ಹತ್ತಿರ ಯಾರು ಅನ್ನುವ ಪ್ರಶ್ನೆ ಸಹಜವೇ ಅಲ್ವಾ? ಇಬ್ಬರೂ ಮುಂದಿನ ಆಟ ಕಲಿತರು. 2022ರಲ್ಲಿ ಥಾಮಸ್ ಕಪ್ (ಪುರುಷರ ವಿಶ್ವ ತಂಡ ಟೂರ್ನಿ) ಗೆದ್ದ ಭಾರತ ತಂಡದಲ್ಲಿದ್ದರು, 2023ರಲ್ಲಿ ಇಂಡೊನೇಷ್ಯಾ ಓಪನ್ ಮತ್ತು ಏಷ್ಯನ್ ಗೇಮ್ಸ್ ಚಿನ್ನ ಗೆದ್ದರು, ಅದೇ ಅಕ್ಟೋಬರ್‌ನಲ್ಲಿ ವಿಶ್ವದ ನಂಬರ್ ಒನ್ ಆದರು. ಹಾಗಾಗಿ ನಿಮಗೆ ಇಷ್ಟವಾದ ಗೆಳೆಯನನ್ನೇ ಪಾರ್ಟ್ನರ್ ಮಾಡಿಕೊಳ್ಳಬೇಕು ಅಂತ ಹಟ ಬೇಡ. ಕೋಚ್ ಯಾರನ್ನಾದರೂ ಜೋಡಿಸಿದರೆ ಕಡಿಮೆ ಅಂದರೂ ಆರು ತಿಂಗಳು ಮನಸ್ಸಿಟ್ಟು ಆಡಿ ನೋಡಿ.

ನನ್ನ ಕಥೆ ಹೇಳುತ್ತೇನೆ. ಮೂರು ವರ್ಷ ಒಬ್ಬನ ಜೊತೆ ಆಡಿದೆ. ಅವನು ಕಷ್ಟ ಬಂದಾಗಲೆಲ್ಲ ಅರ್ಧ ಕೋರ್ಟಿಗೆ ಶಟಲ್ ಎತ್ತಿಬಿಡುತ್ತಿದ್ದ, ಸ್ಮ್ಯಾಶ್ ತಿನ್ನುತ್ತಿದ್ದವನು ನಾನು. ಒಂದು ದಿನವೂ ಅವನಿಗೆ ಹೇಳಲಿಲ್ಲ. ಮನಸ್ಸಿನಲ್ಲೇ ಇಟ್ಟುಕೊಂಡೆ, ಮ್ಯಾಚ್ ಸೋತು ಬಸ್ಸಿನಲ್ಲಿ ವಾಪಸ್ ಬರುವಾಗ ಕಿಟಕಿ ಕಡೆ ಮುಖ ಮಾಡಿ ಕೂರುತ್ತಿದ್ದೆ. ಅವನಿಗೆ ಅದು ಅರ್ಥವಾಗದೇ ಇರುತ್ತದೆಯೇ? ಒಂದು ರಾಜ್ಯ ರ್‍ಯಾಂಕಿಂಗ್ ಟೂರ್ನಿಗೆ ಹತ್ತು ದಿನ ಇರುವಾಗ ಅವನು ಬೇರೆ ಜೋಡಿಯ ಹೆಸರು ಕೊಟ್ಟ. ಆ ವರ್ಷ ನನಗೆ ಪಾರ್ಟ್ನರ್ ಇಲ್ಲ, ಪಾಯಿಂಟ್ ಇಲ್ಲ. ತಪ್ಪು ಅವನದ್ದು ಅಂತ ತುಂಬಾ ದಿನ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ.

ಆದ್ದರಿಂದ ತಿಂಗಳಿಗೊಂದು ದಿನ, ಪ್ರಾಕ್ಟೀಸ್ ಮುಗಿದ ಮೇಲೆ, ಎಲ್ಲಾದರೂ ಟೀ ಕುಡಿಯುತ್ತಾ ಕೂತು ಮಾತಾಡಿ. ನನ್ನ ಯಾವ ಹೊಡೆತ ನಿನಗೆ ತೊಂದರೆ ಕೊಡುತ್ತಿದೆ ಅಂತ ಮೊದಲು ನೀವೇ ಕೇಳಿ. ದುಡ್ಡಿನ ವಿಷಯ ಮೊದಲೇ ಬಾಯಿಬಿಟ್ಟು ಹೇಳಿಕೊಳ್ಳಿ: ಬಹುಮಾನ ಅರ್ಧರ್ಧ, ಶಟಲ್ ಖರ್ಚು ಹೇಗೆ, ಒಬ್ಬರಿಗೆ ಮಾತ್ರ ಸ್ಪಾನ್ಸರ್ ಸಿಕ್ಕರೆ ಏನು, ಒಬ್ಬರಿಗೆ ಗಾಯವಾದರೆ ಇನ್ನೊಬ್ಬರು ಎಷ್ಟು ದಿನ ಕಾಯಬೇಕು, ಆ ಹೊತ್ತಿನಲ್ಲಿ ಬೇರೆಯವರ ಜೊತೆ ಆಡಬಹುದಾ. ಬಿಡುವುದಾದರೆ ಟೂರ್ನಿ ಎಂಟ್ರಿಗೆ ಮೊದಲು, ಎದುರಿಗೆ ಕೂತು ಹೇಳಿ. ವಾಟ್ಸಾಪಿನಲ್ಲಿ ಬೇಡ.

ಮ್ಯಾಚಿನಲ್ಲಿ 11 ಪಾಯಿಂಟಿಗೆ 60 ಸೆಕೆಂಡ್ ಬಿಡುವು ಸಿಗುತ್ತದೆ. ಅಷ್ಟರಲ್ಲಿ ಒಂದೇ ಒಂದು ವಿಷಯ ಹೇಳಿ. "ಅವಳು ಬ್ಯಾಕ್‌ಹ್ಯಾಂಡ್ ಕಡೆ ನಿಧಾನ, ಅಲ್ಲೇ ಹಾಕೋಣ" ಅಷ್ಟು ಸಾಕು. ಆಗಿಹೋದ ತಪ್ಪಿನ ಪಟ್ಟಿ ಓದಿದರೆ ಮುಂದಿನ ಐದು ಪಾಯಿಂಟೂ ಹೋಗುತ್ತದೆ.

ಟೂರ್ನಿ, ರ್‍ಯಾಂಕಿಂಗ್

ಕರ್ನಾಟಕದವರಾದರೆ ರಾಜ್ಯ ಸಂಸ್ಥೆ ಕರ್ನಾಟಕ ಬ್ಯಾಡ್ಮಿಂಟನ್ ಅಸೋಸಿಯೇಷನ್. ಅದರ ಮೂಲಕ ರಾಷ್ಟ್ರೀಯ ಸಂಸ್ಥೆಯ ಐಡಿ ಮಾಡಿಸಿಕೊಳ್ಳಿ. ರಾಜ್ಯ ರ್‍ಯಾಂಕಿಂಗ್ ಟೂರ್ನಿ, ಆಮೇಲೆ ಅಖಿಲ ಭಾರತ ರ್‍ಯಾಂಕಿಂಗ್ ಟೂರ್ನಿ, ನ್ಯಾಷನಲ್ಸ್, ಇದು ದೇಶದೊಳಗಿನ ದಾರಿ. ಹೊರದೇಶದ ಟೂರ್ನಿಗೆ ನೀವೇ ನೇರವಾಗಿ ಹೆಸರು ಕೊಡಲು ಆಗುವುದಿಲ್ಲ, ಸ್ವಂತ ಖರ್ಚಿನಲ್ಲಿ ಹೋಗುವುದಾದರೂ ಎಂಟ್ರಿ ರಾಷ್ಟ್ರೀಯ ಸಂಸ್ಥೆಯ ಮೂಲಕವೇ ಹೋಗಬೇಕು. ಕೊನೇ ದಿನಾಂಕ ತಪ್ಪಿಸಿಕೊಂಡು ಅತ್ತವರನ್ನು ನೋಡಿದ್ದೇನೆ.

ಅಂತರರಾಷ್ಟ್ರೀಯ ಏಣಿಯ ಕೆಳಗಿನ ಮೆಟ್ಟಿಲು ಫ್ಯೂಚರ್ ಸೀರೀಸ್, ಇಂಟರ್‌ನ್ಯಾಷನಲ್ ಸೀರೀಸ್, ಇಂಟರ್‌ನ್ಯಾಷನಲ್ ಚಾಲೆಂಜ್. ಅದರ ಮೇಲೆ ಸೂಪರ್ 100, 300, 500, 750, 1000. ವಿಶ್ವ ರ್‍ಯಾಂಕಿಂಗಿಗೆ ಹಿಂದಿನ 52 ವಾರಗಳಲ್ಲಿ ಆಡಿದ್ದರಲ್ಲಿ ಒಳ್ಳೆಯ ಹತ್ತು ಫಲಿತಾಂಶ ಲೆಕ್ಕ. ಡಬಲ್ಸ್‌ನವರು ಗಮನಿಸಬೇಕಾದ್ದು ಏನೆಂದರೆ, ರ್‍ಯಾಂಕಿಂಗ್ ಇರುವುದು ಜೋಡಿಗೆ. ಜೋಡಿ ಮುರಿದರೆ ಹೊಸ ಜೋಡಿ ಕೆಳಗಿನಿಂದ ಹತ್ತಬೇಕು. ವಿಶ್ವ ಪದಕ ಗೆದ್ದ ಅಶ್ವಿನಿಯೂ ತನಿಷಾ ಜೊತೆ ಹಾಗೇ ಹತ್ತಿದ್ದು. 2023ರಲ್ಲಿ ಫ್ರಾನ್ಸಿನ ನಾಂಟ್‌ನಲ್ಲಿ ಇಂಟರ್‌ನ್ಯಾಷನಲ್ ಚಾಲೆಂಜ್ ಗೆದ್ದರು, ಆಮೇಲೆ ಅಬುಧಾಬಿ ಮಾಸ್ಟರ್ಸ್, ಡಿಸೆಂಬರ್‌ನಲ್ಲಿ ಗುವಾಹಟಿ ಮಾಸ್ಟರ್ಸ್, ಎರಡೂ ಸೂಪರ್ 100. ದೊಡ್ಡ ಹೆಸರು ಅಂತ ಚಿಕ್ಕ ಟೂರ್ನಿ ಬಿಡಲಿಲ್ಲ. ಆ ಪಾಯಿಂಟುಗಳೇ ಅವರನ್ನು ಪ್ಯಾರಿಸ್‌ಗೆ ಕರೆದುಕೊಂಡು ಹೋದವು. ನನ್ನ ಹುಡುಗಿಯರಿಗೆ ನಾನು ಮತ್ತೆ ಮತ್ತೆ ತೋರಿಸುವ ವರ್ಷ ಅದು.

ಖರ್ಚು ಉಳಿಸಬೇಕಾದರೆ ಭಾರತದಲ್ಲೇ ನಡೆಯುವ ಅಂತರರಾಷ್ಟ್ರೀಯ ಟೂರ್ನಿಗಳನ್ನು ಮೊದಲು ಗುರುತು ಹಾಕಿಕೊಳ್ಳಿ. ಗುವಾಹಟಿ, ಕಟಕ್, ಲಖನೌಗಳಲ್ಲಿ ನಡೆದಿವೆ, ಬೆಂಗಳೂರಿನಲ್ಲೂ ಇಂಟರ್‌ನ್ಯಾಷನಲ್ ಚಾಲೆಂಜ್ ನಡೆದಿದೆ. ರೈಲಿನಲ್ಲಿ ಹೋಗಿ ವಿಶ್ವ ಪಾಯಿಂಟ್ ತರಬಹುದು ಅಂದರೆ ಬಿಡುತ್ತೀರಾ?

ಸೋಲುತ್ತಿರುವ ಮ್ಯಾಚಿನಲ್ಲೂ ಪಾಯಿಂಟ್ ಬಿಟ್ಟುಕೊಡಬೇಡಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜ್ವಾಲಾ ಮತ್ತು ಅಶ್ವಿನಿ ಗುಂಪಿನ ಮೂರರಲ್ಲಿ ಎರಡು ಮ್ಯಾಚ್ ಗೆದ್ದರೂ ಕ್ವಾರ್ಟರ್ ಫೈನಲ್ ತಪ್ಪಿತು. ಪಾಯಿಂಟ್ ವ್ಯತ್ಯಾಸದಲ್ಲಿ, ಅದೂ ಒಂದೇ ಒಂದು ಪಾಯಿಂಟಿನಲ್ಲಿ.

ದುಡ್ಡು

ಮುಚ್ಚಿಟ್ಟು ಪ್ರಯೋಜನ ಇಲ್ಲ, ಡಬಲ್ಸ್‌ನಲ್ಲಿ ಬಹುಮಾನದ ದುಡ್ಡು ಕಡಿಮೆ. ದೆಹಲಿಯಲ್ಲಿ ನಡೆದ 2024ರ ಇಂಡಿಯಾ ಓಪನ್ ಸೂಪರ್ 750 ಟೂರ್ನಿ, ಒಟ್ಟು ಬಹುಮಾನ 8,50,000 ಡಾಲರ್. ಸಿಂಗಲ್ಸ್ ಗೆದ್ದವರಿಗೆ 59,500 ಡಾಲರ್. ಡಬಲ್ಸ್ ಗೆದ್ದ ಜೋಡಿಗೆ 62,900. ಅಂದರೆ ಒಬ್ಬೊಬ್ಬರಿಗೆ 31,450. ಓಡಾಟ, ಹೋಟೆಲು, ಕೋಚು, ಫಿಸಿಯೋ ಎಲ್ಲ ಇಬ್ಬರಿಗೂ ಪೂರ್ತಿಯೇ, ಬಹುಮಾನ ಮಾತ್ರ ಅರ್ಧ. ಇದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಕೆಳಗಿನ ಮೆಟ್ಟಿಲಲ್ಲಿ ಗೆದ್ದ ದುಡ್ಡು ವಿಮಾನದ ಟಿಕೆಟಿಗೂ ಸಾಲದೇ ಹೋಗಬಹುದು.

ಹಾಗಾಗಿ ಕೆಲಸದ ದಾರಿಯನ್ನು ಆಟದ ಜೊತೆಗೇ ಹಿಡಿಯಿರಿ. ರೈಲ್ವೆ, ಪೆಟ್ರೋಲಿಯಂ ಕಂಪನಿಗಳು, ಆದಾಯ ತೆರಿಗೆ ಇಲಾಖೆ ಇವೆಲ್ಲ ಕ್ರೀಡಾ ಕೋಟಾದಲ್ಲಿ ಆಟಗಾರರನ್ನು ತೆಗೆದುಕೊಳ್ಳುತ್ತವೆ. ಅರ್ಜಿಯಲ್ಲಿ ಕೇಳುವುದು ಪದಕದ ಸರ್ಟಿಫಿಕೇಟು, ಆದ್ದರಿಂದ ಸಬ್ ಜೂನಿಯರ್‌ನಿಂದ ಹಿಡಿದು ಪ್ರತಿಯೊಂದನ್ನೂ ಒಂದೇ ಫೈಲಿನಲ್ಲಿ ಇಡಿ, ಜೆರಾಕ್ಸ್ ಬೇರೆ ಇಡಿ. ಖೇಲೋ ಇಂಡಿಯಾದಲ್ಲಿ ಆಯ್ಕೆಯಾದರೆ ತಿಂಗಳಿಗೆ 10,000 ರೂಪಾಯಿ ಕೈಖರ್ಚಿಗೆ ಸಿಗುತ್ತದೆ. ಒಲಿಂಪಿಕ್ಸ್ ಪದಕದ ಮಟ್ಟಕ್ಕೆ ಹೋದರೆ ಕೇಂದ್ರದ ಟಾಪ್ಸ್ ಯೋಜನೆಯಲ್ಲಿ ಮುಖ್ಯ ಪಟ್ಟಿಯವರಿಗೆ ತಿಂಗಳಿಗೆ 50,000. ಅಲ್ಲಿಗೆ ಹೋಗುವವರೆಗೆ ಮನೆಯವರ ದುಡ್ಡೇ. ವರ್ಷಕ್ಕೆ ಎಷ್ಟು ಟೂರ್ನಿ, ಎಷ್ಟು ಶಟಲ್ ಡಬ್ಬ, ಎಷ್ಟು ಸಲ ಗಟ್ಟಿಂಗ್ (ಬ್ಯಾಟಿಗೆ ಹೊಸ ದಾರ ಬಿಗಿಸುವುದು) ಅಂತ ಒಂದು ನೋಟ್ ಪುಸ್ತಕದಲ್ಲಿ ಬರೆದು ಅಪ್ಪ ಅಮ್ಮನಿಗೆ ತೋರಿಸಿ. ಎಷ್ಟು ವರ್ಷ ನೋಡೋಣ ಅನ್ನುವುದನ್ನೂ ಅವರೂ ನೀವೂ ಸೇರಿ ಬರೆಯಿರಿ.

ಓದು ಬಿಡಬೇಡಿ. ಕರ್ನಾಟಕದಲ್ಲಿ ಸಿಇಟಿ ಸೀಟುಗಳಲ್ಲೂ ಕ್ರೀಡಾ ಕೋಟಾ ಇದೆ. ಹಾಜರಿ ವಿಷಯದಲ್ಲಿ ಸಹಕಾರ ಕೊಡುವ ಕಾಲೇಜು ಯಾವುದು ಅಂತ ಅಲ್ಲಿ ಓದುತ್ತಿರುವ ಆಟಗಾರರನ್ನೇ ಕೇಳಿ ಸೇರಿಕೊಳ್ಳಿ.

ಮೈ ನೋಡಿಕೊಳ್ಳುವುದು

ಡಬಲ್ಸ್‌ನಲ್ಲಿ ಭುಜಕ್ಕೂ ಪಾದದ ಕೀಲಿಗೂ ಪೆಟ್ಟು ಜಾಸ್ತಿ. ರಬ್ಬರ್ ಬ್ಯಾಂಡ್ ಕಟ್ಟಿ ಭುಜದ ವ್ಯಾಯಾಮ ದಿನಾ ಹತ್ತು ನಿಮಿಷ, ತಪ್ಪಿಸಬೇಡಿ. ಕೈ ಬಲಿಯುವ ಮೊದಲೇ ಹೀರೋಗಳ ಹಾಗೆ 30 ಪೌಂಡ್ ಬಿಗಿಯ ಗಟ್ಟಿಂಗ್ ಹಾಕಿಸಬೇಡಿ. 24-25ರಲ್ಲಿ ಆಡುತ್ತಾ ನಿಧಾನವಾಗಿ ಏರಿಸಿ. ಜೋಡಿಯವರ ಬ್ಯಾಟ್ ಬೆನ್ನ ಹಿಂದಿನಿಂದ ತಲೆಗೋ ಕಣ್ಣಿಗೋ ತಗಲುವ ಅಪಾಯ ಡಬಲ್ಸ್‌ನಲ್ಲಿ ನಿಜವಾಗಿಯೂ ಇದೆ. ನೆಟ್ಟಿನ ಹತ್ತಿರ ಇರುವವರು ಹಿಂತಿರುಗಿ ನೋಡಬಾರದು ಅಂತ ಹೇಳುವುದು ಅದಕ್ಕೇ, ಸ್ಮ್ಯಾಶ್ ಮುಖಕ್ಕೂ ಬಡಿಯಬಹುದು.

ರಾಷ್ಟ್ರೀಯ ಮಟ್ಟಕ್ಕೆ ಹೋದಮೇಲೆ ಮೆಡಿಕಲ್ ಶಾಪಿನಿಂದ ಸುಮ್ನೆ ಕೆಮ್ಮಿನ ಔಷಧಿ, ಪ್ರೋಟೀನ್ ಪುಡಿ ತೆಗೆದುಕೊಳ್ಳಬೇಡಿ. ಡೋಪಿಂಗ್ ಪರೀಕ್ಷೆಯಲ್ಲಿ ಗೊತ್ತಿಲ್ಲದೆ ಕುಡಿದೆ ಅಂದರೆ ಕೇಳುವುದಿಲ್ಲ. ಆಟಗಾರ ಅಂತ ಡಾಕ್ಟರಿಗೆ ಮೊದಲೇ ಹೇಳಿ, ಚೀಟಿ ಇಟ್ಟುಕೊಳ್ಳಿ.

ಆಮೇಲೆ ಕೋಚ್ ಆಗಬೇಕು ಅನ್ನುವವರು ಆಡುತ್ತಿರುವಾಗಲೇ ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ನಿನ ಲೆವೆಲ್ 1 ಕೋಚಿಂಗ್ ಕೋರ್ಸ್ ಮುಗಿಸಿಕೊಳ್ಳಿ, ಪಟಿಯಾಲದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೋಚಿಂಗ್ ಡಿಪ್ಲೊಮಾ ಬಗ್ಗೆಯೂ ವಿಚಾರಿಸಿಡಿ. ಗಾಯವಾಗಿ ಎರಡು ತಿಂಗಳು ಮನೆಯಲ್ಲಿ ಕೂರುವ ಕಾಲ ಪ್ರತಿಯೊಬ್ಬರಿಗೂ ಬರುತ್ತದೆ, ಓದಿಕೊಳ್ಳಲು ಅದೇ ಸಮಯ. ನಮ್ಮ ಊರುಗಳಲ್ಲಿ ಡಬಲ್ಸನ್ನೇ ಬಿಡಿಸಿ ಹೇಳಿಕೊಡುವ ಕೋಚ್‌ಗಳು ತೀರಾ ಕಡಿಮೆ, ಜಿಲ್ಲೆಗಳಲ್ಲಂತೂ ಹುಡುಕಬೇಕು. ನಿಮ್ಮಲ್ಲಿ ಯಾರಾದರೂ ಹಾಸನಕ್ಕೋ ಕಲಬುರಗಿಗೋ ವಾಪಸ್ ಹೋಗಿ ಕೋರ್ಟಿನ ಕಂಬಕ್ಕೆ ಕೋಲು ಕಟ್ಟಿ ದಾರ ಎಳೆಯುವುದಾದರೆ, ಮೊದಲ ದಿನ ಹತ್ತು ಮಕ್ಕಳಿಗೆ ಬೇಕಾಗುವಷ್ಟು ಒಳ್ಳೆಯ ಶಟಲ್ ಜೊತೆಗೆ ತೆಗೆದುಕೊಂಡು ಹೋಗಿ.